ಅಡಿಕೆಗೆ ಕೊಳೆರೋಗ ಕಾಣಿಸಿಕೊಂಡಿದೆ, ಬೋರ್ಡೋ ಎರಡನೇ ಸುತ್ತು ಬಾಕಿ. ಹೆಕ್ಸಕೊನಜೋಲ್ ಹೊಡೆದರೆ ಸಾಕಾ?

ಗುಡ್ಡೆತೋಟ
ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಮುಂಗಾರಿನ ಮೊದಲು ಒಂದು ಸುತ್ತು ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಆಗಿದೆ. ಎರಡನೆಯದಕ್ಕೆ ಮಳೆ ಬಿಡುವೇ ಕೊಡ್ತಿಲ್ಲ, ಗಡುವು ದಾಟಿದೆ. ಈಗ ಬುಡದಲ್ಲಿ ಹಸಿರು ಕಾಯಿ ಉದುರೋಕೆ ಶುರು. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡುಹಸಿರು ಮಚ್ಚೆ, ಕಾಯಿಯ ಹೊಳಪು ಹೋಗಿದೆ. ನೆಲದ ಮೇಲೆ ಬಿದ್ದದ್ದಕ್ಕೆ ಬೇಗನೆ ಬಿಳಿ ಬೂಸ್ಟು ಸುತ್ತಿಕೊಳ್ತಿದೆ.

ಅಂಗಡಿಯವರು ಹೇಳೋದು: "ಬೋರ್ಡೋ ರಗಳೆ ಯಾಕೆ, ಹೆಕ್ಸಕೊನಜೋಲ್ ಹೊಡೀರಿ, ಅಂತರ್ವ್ಯಾಪಿ (ಗಿಡದೊಳಗೆ ಇಳಿಯುವಂಥದ್ದು), ಮಳೆಗೆ ತೊಳೆದು ಹೋಗಲ್ಲ." ಇದು ಸರಿಯಾ? ಅಥವಾ ಬಿಸಿಲು ಕಂಡ ದಿನ ಬೋರ್ಡೋನೇ ಹೊಡೆಯೋದಾ?

ಬೂಸ್ಟುಬೇಟೆ
ಬೇಡ. ಹೆಕ್ಸಕೊನಜೋಲ್ ಕೊಳೆರೋಗಕ್ಕೆ ಏನೂ ಮಾಡಲ್ಲ. ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳದ್ದೂ ಅದೇ ಕಥೆ.

ಕಾರಣ ಇಷ್ಟೇ. 'ಅಜೋಲ್' ಗುಂಪಿನ ಔಷಧಿಗಳು ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದ ಹಾಗೆ ತಡೆಯುತ್ತವೆ. ಕೊಳೆರೋಗ ತರುವ ಫೈಟೊಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಊಮೈಸೀಟ್ ಗುಂಪಿನದು. ಕಂದು ಪಾಚಿಗಳಿಗೆ ಹತ್ತಿರದ ಸಂಬಂಧಿ. ಅದು ಸ್ವಂತವಾಗಿ ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ, ಇಲ್ಲದ ಕಾರ್ಖಾನೆಗೆ ಬೀಗ ಹಾಕಿ ಏನು ಪ್ರಯೋಜನ? ಕೋಶಭಿತ್ತಿಯೂ ಬೇರೆ: ಶಿಲೀಂಧ್ರಗಳದ್ದು ಕೈಟಿನ್, ಇದರದ್ದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲುಕಾನ್. ಕಾರ್ಬೆಂಡಜಿಮ್ ಕೂಡ ಇದರ ಮೇಲೆ ನಡೆಯಲ್ಲ.

ಹಾಳೆಟೋಪಿ
ಅಂಗಡಿಯವರಿಗೆ ಎಲ್ಲ ಬೂಸ್ಟಿಗೂ ಒಂದೇ ಬಾಟಲಿ 😀

ಘಟ್ಟದಕೆಳಗೆ
ಬೂಸ್ಟುಬೇಟೆಯವರೇ, ಎಲೆಚುಕ್ಕೆಗೆ ಪ್ರೊಪಿಕೊನಜೋಲ್ ಹೊಡೆದು ಕಡಿಮೆ ಆದ ತೋಟಗಳು ಬೇಕಾದಷ್ಟು ಉಂಟಲ್ಲ. ಅದೇ ಮರ, ಅದೇ ಮಳೆ. ಹಾಗಾದರೆ ಅದು ಹೇಗೆ ಕೆಲಸ ಮಾಡಿತು?

ಬೂಸ್ಟುಬೇಟೆ
ಎಲೆಚುಕ್ಕೆ ಬೇರೆ ಜೀವಿಯದ್ದು. ಕೊಲೆಟೊಟ್ರೈಕಮ್, ಫಿಲೊಸ್ಟಿಕ್ಟಾ, ಇವೆಲ್ಲ ನಿಜವಾದ ಶಿಲೀಂಧ್ರಗಳು. ಎರ್ಗೊಸ್ಟೆರಾಲ್ ಇಲ್ಲದೆ ಅವು ಬದುಕಲ್ಲ. ಅಲ್ಲಿ ಲೀಟರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ 25 ಇ.ಸಿ. ಸರಿಯಾದ ಮದ್ದು. ಅದೇ ಟ್ಯಾಂಕನ್ನು ಕೊಳೆ ಹಿಡಿದ ಗೊನೆಗೆ ಹೊಡೆದರೆ ಕೂಲಿ ದಂಡ. ತಿರುಗಿಸಿ ನೋಡಿದರೂ ಹಾಗೇ: ಮೆಟಲಾಕ್ಸಿಲ್ ಕೊಳೆರೋಗಕ್ಕೆ ಆಗುತ್ತದೆ, ಎಲೆಚುಕ್ಕೆಗೆ ಸೊನ್ನೆ. ಎರಡಕ್ಕೂ ಅಷ್ಟಿಷ್ಟು ನಡೆಯುವುದು ತಾಮ್ರ ಮತ್ತು ಮ್ಯಾಂಕೊಜೆಬ್, ಯಾಕಂದ್ರೆ ಅವು ಕೋಶದಲ್ಲಿ ಹತ್ತಾರು ಕಡೆ ಏಟು ಹಾಕುತ್ತವೆ.

ಕೊನೆಗಾರ
ಔಷಧಿ ಮಾತಿಗೆ ಮೊದಲು ಇದು ಕೊಳೆಯೇ ಹೌದಾ ಅಂತ ಖಾತ್ರಿ ಮಾಡ್ಕೊಳ್ಳಿ. ಕಾಯಿ ಉದುರಿದ್ದೆಲ್ಲ ಕೊಳೆರೋಗ ಅಲ್ಲ.

ಬೇಸಿಗೆಯಲ್ಲಿ ನಳ್ಳಿ (ಎಳೆ ಮಿಡಿ) ಉದುರಿದರೆ, ಹಿಂಗಾರದ (ಅಡಿಕೆ ಹೂಗೊಂಚಲಿನ) ಕವಲು ತುದಿಯಿಂದ ಹಳದಿಯಾಗಿ ಒಳಮುಖ ಒಣಗುತ್ತಾ ಬಂದರೆ ಅದು ಹಿಂಗಾರ ಒಣಗುವ ರೋಗ, ಕೊಲೆಟೊಟ್ರೈಕಮ್‌ದು. ಎಳೆ ಕಾಯಿ ಮೇಲೆ ಸೂಜಿ ಚುಚ್ಚಿದಂಥ ಗುರುತು ಇದ್ದು, ಸೀಳಿದಾಗ ಒಳಗೆ ಕಂದು ಕಲೆ ಇದ್ದರೆ ತಿಗಣೆ. ಕಾಯಿ ಬಲಿಯೋ ಮೊದಲೇ ಹಳದಿಯಾಗಿ ತುದಿಯಿಂದ ಬಿರಿದರೆ ಅಂಡೊಡಕ, ಅದಕ್ಕೆ ರೋಗಾಣು ಕಾರಣವೇ ಅಲ್ಲ, ನೀರು ಬಸಿಯುವುದು ಮತ್ತು ಪೊಟ್ಯಾಷ್ ನೋಡ್ಬೇಕು.

ಗುಡ್ಡೆತೋಟದವರು ಹೇಳಿದ್ದು ಮಾತ್ರ ಕೊಳೆಯದ್ದೇ ಲಕ್ಷಣ. ಅನುಮಾನ ಇದ್ದರೆ ಈಗಷ್ಟೇ ಬಿದ್ದ, ಮಚ್ಚೆ ಇರೋ ಕಾಯಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡಿ. ಮಚ್ಚೆಯ ಅಂಚಿನಿಂದ ಹೊರಟ ಬಿಳಿ ಎಳೆ ಕಾಯಿಯನ್ನೆಲ್ಲ ಆವರಿಸಿದರೆ ಫೈಟೊಫ್ತೊರಾ ಅಂತ ಹೇಳಬಹುದು. ಹಸಿರು, ಕಪ್ಪು ಪುಡಿ ಬಂದರೆ ಅದು ಸತ್ತದ್ದರ ಮೇಲೆ ಆಮೇಲೆ ಬಂದ ಬೂಸ್ಟು, ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಗುಡ್ಡೆತೋಟ
ಬಿಳಿ ಎಳೆಯೇ ಬಂದಿದೆ. ಹಾಗಾದರೆ ಬೋರ್ಡೋ. ಆದರೆ ಕಳೆದ ಸಲದ ದ್ರಾವಣ ಟ್ಯಾಂಕಿನ ತಳದಲ್ಲಿ ಗಸಿ ಕೂತು, ನಾಝಲ್ ಕಟ್ಟಿ ಸಾಕಾಯ್ತು ಅಂತ ಹೊಡೆಯುವವರ ದೂರು. ಸರಿಯಾಗಿ ಮಾಡೋ ಕ್ರಮ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಸುಣ್ಣದಕಲ್ಲು
1% ಬೋರ್ಡೋ, 100 ಲೀಟರ್ ಲೆಕ್ಕ.

ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ. ಇದನ್ನು ಬಕೆಟ್ಟಿನ ತಳಕ್ಕೆ ಸುರಿದು ಕೋಲಿನಲ್ಲಿ ಕಲಕುತ್ತಾ ಕೂರುವ ಅಗತ್ಯ ಇಲ್ಲ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಅಡ್ಡಕೋಲು ಇಟ್ಟು, ಗಂಟು ನೀರಿನ ಮೇಲ್ಮಟ್ಟಕ್ಕೆ ಮುಳುಗುವ ಹಾಗೆ ತೂಗುಬಿಡಿ. ಕರಗಿದ ನೀರು ಭಾರ, ತಾನಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬರುತ್ತದೆ. ರಾತ್ರಿ ಕಟ್ಟಿಟ್ಟರೆ ಬೆಳಿಗ್ಗೆಗೆ ಗಂಟು ಖಾಲಿ. ಕಬ್ಬಿಣ, ತಗಡು, ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ತಾಮ್ರ ಪಾತ್ರೆಗೆ ಹತ್ತಿಕೊಳ್ಳುತ್ತದೆ, ಪಾತ್ರೆ ತೂತಾಗುತ್ತದೆ, ದ್ರಾವಣದ ಸತ್ವವೂ ಹೋಗುತ್ತದೆ.

ಸುಣ್ಣ 1 ಕೆ.ಜಿ., ಸುಟ್ಟ ಕಲ್ಲುಸುಣ್ಣ ಅಥವಾ ಚಿಪ್ಪುಸುಣ್ಣ. ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ. ಕುದಿಯುತ್ತದೆ, ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ತೆಳು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರಳಿಸಿದರೆ ಬಕೆಟ್ಟೇ ಮೆತ್ತಗಾಗುತ್ತದೆ. ಸುಣ್ಣಕ್ಕೆ ಮಾತ್ರ ಕಬ್ಬಿಣದ ಪಾತ್ರೆ ನಡೆಯುತ್ತದೆ. ಅರಳಿದ ಮೇಲೆ ಪೂರ್ತಿ ತಣಿಯಲು ಬಿಟ್ಟು, ನೀರು ಸೇರಿಸಿ 50 ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ನಾಝಲ್ ಕಟ್ಟುವುದಕ್ಕೆ ಅರ್ಧ ಕಾರಣ ಸೋಸದ ಸುಣ್ಣದ ಹರಳು.

ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಲ್ಲಿ ಸುರಿಯುತ್ತಾ ಮರದ ಕೋಲಿನಿಂದ ನಿಲ್ಲಿಸದೆ ಕಲಕಬೇಕು. ಇಲ್ಲವೇ ಎರಡನ್ನೂ ಮೂರನೇ ಡ್ರಮ್ಮಿಗೆ ಒಟ್ಟಿಗೆ ಸುರಿಯಿರಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ. ಆಕಾಶನೀಲಿ ಬಣ್ಣ ಬಂದು, ಲೋಟದಲ್ಲಿ ಇಟ್ಟರೆ ಬಹಳ ಹೊತ್ತು ತೇಲಿಕೊಂಡೇ ಇದ್ದರೆ ಚೆನ್ನಾಗಿ ಆಗಿದೆ ಅಂತ. ಒಡೆದ ಹಾಲಿನ ಹಾಗೆ ಕೆಳಗೆ ಗಸಿ, ಮೇಲೆ ತಿಳಿ ಆಗಿಬಿಟ್ಟರೆ ಕೆಟ್ಟಿದೆ.

ದೋಟಿ
ಯಾವುದನ್ನು ಯಾವುದಕ್ಕೆ ಸುರಿದರೂ ಕೊನೆಗೆ ಅದೇ ತಾಮ್ರ, ಅದೇ ಸುಣ್ಣ. ಇದೊಂದು ಮಡಿ-ಮೈಲಿಗೆ ಥರ ಆಗ್ಬಿಟ್ಟಿದೆ ಎಲ್ಲರಿಗೂ.

ಲಿಟ್ಮಸ್
ದೋಟಿಯವರೇ, ಮಡಿಯಲ್ಲ, ಕಣದ ಗಾತ್ರದ ವಿಷಯ. ಸುಣ್ಣ ಹೆಚ್ಚಿರುವ ಕಡೆಗೆ ತಾಮ್ರ ಸ್ವಲ್ಪ ಸ್ವಲ್ಪವಾಗಿ ಬಂದಾಗ ಹುಟ್ಟುವುದು ತೆಳು ಪೊರೆಯಂಥ ನಯವಾದ ಗಸಿ, ಕಾಯಿಗೆ ಅಂಟಿ ಒಣಗಿದರೆ ಮಳೆಗೆ ಸುಲಭಕ್ಕೆ ಬಿಡಲ್ಲ. ತಿರುಗಾ ಮಾಡಿದರೆ ದಪ್ಪ ಹರಳು ಹರಳಾಗುತ್ತದೆ, ತಳ ಸೇರುತ್ತದೆ, ಎಲೆಗೆ ಹಿಡಿಯಲ್ಲ.

ಆದರೆ ನಿಮ್ಮ ಮಾತಲ್ಲೂ ಸ್ವಲ್ಪ ಹುರುಳಿದೆ. ಎರಡೂ 50-50 ಲೀಟರಿನಷ್ಟು ತೆಳುವಾಗಿದ್ದು, ತಣ್ಣಗಿದ್ದು, ಜೋರಾಗಿ ಕಲಕುತ್ತಿದ್ದರೆ ಕ್ರಮದಿಂದ ಬರುವ ವ್ಯತ್ಯಾಸ ಕಡಿಮೆ. ನಿಜವಾಗಿ ಕೆಡಿಸುವ ಕೆಲಸ ಯಾವುದು ಅಂದ್ರೆ, 5 ಲೀಟರಲ್ಲಿ ಮೈಲುತುತ್ತ, 5 ಲೀಟರಲ್ಲಿ ಸುಣ್ಣ, ಎರಡನ್ನೂ ಗಟ್ಟಿಯಾಗಿಯೇ ಬೆರೆಸಿ ಆಮೇಲೆ 90 ಲೀಟರ್ ನೀರು ಹಾಕುವುದು. ಅವಸರದಲ್ಲಿ ಬಹಳ ಕಡೆ ನಡೆಯೋದು ಇದೇ. ಇನ್ನೊಂದು, ಬಿಸಿನೀರಲ್ಲಿ ಮೈಲುತುತ್ತ ಕರಗಿಸಿ ಬಿಸಿ ಆರುವ ಮೊದಲೇ ಸುರಿಯುವುದು. ಗುಡ್ಡೆತೋಟದವರ ತಳದ ಗಸಿ ಈ ಎರಡರಲ್ಲೊಂದು ಅಂತ ನನ್ನ ಅಂದಾಜು.

ಘಟ್ಟದಕೆಳಗೆ
1:1 ಅನ್ನುವುದೇ ಅತಿ ಅಲ್ವಾ? ಇಷ್ಟು ಸುಣ್ಣ ಯಾಕೆ?

ಲಿಟ್ಮಸ್
ಬರೀ ರಸಾಯನದ ಲೆಕ್ಕಕ್ಕೆ 1 ಕೆ.ಜಿ. ಮೈಲುತುತ್ತಕ್ಕೆ ಶುದ್ಧ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಅರಳಿದ ಪುಡಿಸುಣ್ಣವಾದರೆ 300 ಗ್ರಾಂ ಹತ್ತಿರ. ಆದರೆ ಕೈಗೆ ಸಿಗುವ ಸುಣ್ಣ ಶುದ್ಧವಲ್ಲ. ಗಾಳಿಗೆ ತೆರೆದಿಟ್ಟ ಚೀಲದ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸೀಮೆಸುಣ್ಣವಾಗಿರುತ್ತದೆ, ಅದಕ್ಕೆ ಶಕ್ತಿಯಿಲ್ಲ. ಜೊತೆಗೆ ಸ್ವಲ್ಪ ಹೆಚ್ಚುವರಿ ಸುಣ್ಣ ಇದ್ದರೆ ತಾಮ್ರ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಎಳೆ ಹಿಂಗಾರ ಸುಡುವುದಿಲ್ಲ. ಮಳೆಗಾಲದುದ್ದಕ್ಕೂ ನಿಲ್ಲಬೇಕಾದ ಔಷಧಿಗೆ ಅದು ಒಳ್ಳೆಯದೇ.

ಹಾಗಾಗಿ ತೂಕಕ್ಕಿಂತ ಪರೀಕ್ಷೆ ನಂಬಿ. ಹೊಳಪಿರುವ ಕಬ್ಬಿಣದ ಚೂರಿಯನ್ನು (ಸ್ಟೀಲಿನದ್ದಲ್ಲ) ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಬಿಡಿ ತಾಮ್ರ ಉಳಿದಿದೆ, ಸುಣ್ಣದ ತಿಳಿ ಇನ್ನಷ್ಟು ಹಾಕಿ ಮತ್ತೆ ಅದ್ದಿ. ಅಲಗು ಬೆಳ್ಳಗೇ ಬಂದರೆ ಹೊಡೆಯಬಹುದು. ಲಿಟ್ಮಸ್ ಕಾಗದ ಇದ್ದರೆ ಕೆಂಪು ಕಾಗದ ತುಸು ನೀಲಿಯಾಗಬೇಕು.

ಹಾಳೆಟೋಪಿ
ಹೆಸರಿಗೆ ತಕ್ಕ ಉತ್ತರ ಕೊಟ್ರಿ ಲಿಟ್ಮಸ್ ಅವರೇ.

ಮಿಶ್ರಬೆಳೆ
ಮೈಲುತುತ್ತದಲ್ಲೂ ಕಲಬೆರಕೆ ಬರುತ್ತೆ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸೇರಿಸಿರ್ತಾರೆ. ಹರಳು ಹಸಿರು ಛಾಯೆಗೆ ತಿರುಗಿದ್ರೆ ಅನುಮಾನಪಡಿ. ಒಂದು ಚಿಟಿಕೆ ನೀರಲ್ಲಿ ಕರಗಿಸಿ ಅಮೋನಿಯಾ ದ್ರಾವಣ ಹೆಚ್ಚಿಗೆ ಹಾಕಿ. ಶುದ್ಧ ಇದ್ರೆ ಗಸಿಯಿಲ್ಲದ ಕಡುನೀಲಿ. ಕಂದು-ಹಸಿರು ಗಸಿ ಉಳಿದ್ರೆ ಕಬ್ಬಿಣ ಇದೆ.

ಕೊನೆಗಾರ
ಮಾಡಿದ ದಿನವೇ ಮುಗಿಸಿ. ರಾತ್ರಿ ಕಳೆದರೆ ನಯವಾದ ಗಸಿಯೂ ಹರಳುಗಟ್ಟುತ್ತೆ, ಅಂಟು ಹೋಗುತ್ತೆ. ಮಧ್ಯಾಹ್ನ ಮಳೆ ಬರೋ ಸೂಚನೆ ಇದ್ದರೆ ಎರಡೂ ನೀರನ್ನು ಬೇರೆ ಬೇರೆ ಇಟ್ಟು ಬೇಕಾದಷ್ಟೇ ಬೆರೆಸಿ. ಬೇರೆ ಬೇರೆ ಇದ್ದರೆ ಕೆಡಲ್ಲ, ಸುಣ್ಣದ ಬಾಯಿ ಮುಚ್ಚಿರಬೇಕು ಅಷ್ಟೆ. ಅಂಟಿಗೆ ರಾಳ ಮತ್ತು ವಾಷಿಂಗ್ ಸೋಡ ಕುದಿಸಿದ್ದು ಹಳೆಯ ಕ್ರಮ, ಈಗಲೂ ಚೆನ್ನಾಗಿದೆ. ಕೀಟನಾಶಕ, ಎಲೆಗೊಬ್ಬರ ಯಾವುದನ್ನೂ ಬೋರ್ಡೋಗೆ ಬೆರೆಸಬೇಡಿ. ಕ್ಷಾರಕ್ಕೆ ಬಹಳಷ್ಟು ಕೀಟನಾಶಕ ಒಡೆದುಹೋಗುತ್ತವೆ.

ಹೊಡೆಯುವಾಗ ಗೊನೆಯ ಹೊರಮೈ ನೀಲಿಯಾದರೆ ಮುಗೀತು ಅಂದುಕೊಳ್ತಾರೆ. ಸೋಂಕು ಶುರುವಾಗೋದು ತೊಟ್ಟಿನ ಬುಡದಲ್ಲಿ, ಅಲ್ಲಿ ನೀರು ನಿಲ್ಲುತ್ತೆ. ಗೊನೆಯ ಹಿಂಭಾಗ, ಕಾಂಡಕ್ಕೆ ಒತ್ತಿಕೊಂಡ ಒಳಸಾಲು, ಗೊನೆಯ ದಂಟು ಇವೇ ಬಿಟ್ಟುಹೋಗುವ ಜಾಗ.

ದೋಟಿ
ಮರ ಹತ್ತುವವರು ಸಿಕ್ಕಿದ್ರೆ ತಾನೇ? ಈಗ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದಲೇ ಹೊಡೀತಾರೆ, ಡ್ರೋನ್ ಕೂಡ ಬಂದಿದೆ. ಡ್ರೋನಿಗೆ ಮಳೆ ಬಿಟ್ಟ ಒಂದು ಗಂಟೆ ಸಿಕ್ಕರೂ ಸಾಕು.

ಬೂಸ್ಟುಬೇಟೆ
ದೋಟಿ ಸರಿ, ಆದರೆ ಮರದ ಎರಡು ಬದಿಯಿಂದ ಹೊಡೆಯಬೇಕು, ಒಂದೇ ಕಡೆ ನಿಂತು ಹೊಡೆದರೆ ಹಿಂಬದಿಯ ಕಾಯಿ ಒಣಗಿಯೇ ಇರುತ್ತದೆ. ಡ್ರೋನ್ ಬಗ್ಗೆ ನನಗೆ ತಕರಾರಿದೆ. ಅದು ಮೇಲಿಂದ ಉದುರಿಸುವುದು, ಗೊನೆ ಇರುವುದು ಸೋಗೆಯ ಕೆಳಗೆ. ಎಲೆಚುಕ್ಕೆಗೆ ಡ್ರೋನ್ ಅಂದರೆ ಅರ್ಥ ಇದೆ. ಕೊಳೆಗೆ ಕಾಯಿಯ ತೊಟ್ಟು ತೋಯಬೇಕು, ಅಷ್ಟು ಕಡಿಮೆ ನೀರಿನಲ್ಲಿ ತೋಯುವುದು ಕಷ್ಟ. ಮೇಲಾಗಿ ನೀರು ಕಡಿಮೆ ಅಂತ ಬೋರ್ಡೋ ಗಟ್ಟಿ ಮಾಡಿದರೆ ಡ್ರೋನಿನ ಸಣ್ಣ ನಾಝಲ್ ಮೊದಲ ಸುತ್ತಿಗೇ ಕಟ್ಟುತ್ತದೆ.

ದೋಟಿ
ಎಲ್ಲಕ್ಕೂ 'ಆಗಲ್ಲ' ಅನ್ನೋದು ಸುಲಭ. ಏನೂ ಹೊಡೆಯದೆ ಇರೋದಕ್ಕಿಂತ ಡ್ರೋನ್ ಮೇಲು.

ಬೂಸ್ಟುಬೇಟೆ
ಹೊಡೆದಿದ್ದೇವೆ ಅಂತ ನೆಮ್ಮದಿಯಿಂದ ಕೂತು ಗೊನೆ ಕಳೆದುಕೊಳ್ಳುವುದು ಮೇಲಲ್ಲ.

ಸುಣ್ಣದಕಲ್ಲು
ಇಬ್ಬರೂ ಸ್ವಲ್ಪ ತಣ್ಣಗಾಗಿ, ಸುಣ್ಣದ ಹಾಗೆ. ಗೊನೆಗೆ ಕೊಟ್ಟೆ (ಚೀಲ) ಕಟ್ಟುವುದನ್ನು ಯಾರೂ ಹೇಳಲೇ ಇಲ್ಲ. ಪ್ಲಾಸ್ಟಿಕ್ ಕೊಟ್ಟೆಯನ್ನು ಮುಂಗಾರಿಗೆ ಮೊದಲೇ ಗೊನೆಗೆ ಕಟ್ಟಿದರೆ ಕಾಯಿ ಒದ್ದೆಯೇ ಆಗುವುದಿಲ್ಲ, ಔಷಧಿ ಬೇಡ. ತಳ ತೆರೆದಿರಬೇಕು, ಇಲ್ಲದಿದ್ದರೆ ಒಳಗೇ ಬೆವರಿ ಕೊಳೆಯುತ್ತದೆ. ಆದರೆ ಈಗ ಕಟ್ಟಿ ಪ್ರಯೋಜನ ಇಲ್ಲ, ರೋಗ ಒಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ. ಮರವೊಂದಕ್ಕೆ ಎಷ್ಟು ಗೊನೆಯೋ ಅಷ್ಟು ಕೊಟ್ಟೆ ಬೇಕು, ಮರ ಹತ್ತಿಯೇ ಕಟ್ಟಬೇಕು, ಇದೇ ಇದರ ಅಡಚಣೆ.

ಗುಡ್ಡೆತೋಟ
ತುಂಬಾ ಉಪಕಾರ. ಇನ್ನೊಂದು ಪ್ರಶ್ನೆ. ಈಗಾಗಲೇ ಸೋಂಕು ತಗುಲಿದ ಗೊನೆಗೆ ಬೋರ್ಡೋ ವಾಸಿ ಮಾಡುತ್ತಾ? ಮೆಟಲಾಕ್ಸಿಲ್ ಹೆಸರು ಬಂತಲ್ಲ, ಅದು?

ಬೂಸ್ಟುಬೇಟೆ
ಬೋರ್ಡೋ ವಾಸಿ ಮಾಡಲ್ಲ. ಅದು ಹೊರಮೈಯ ಕಾವಲು ಅಷ್ಟೆ, ಒಳಹೊಕ್ಕ ಎಳೆಯನ್ನು ಮುಟ್ಟಲ್ಲ. ಹೊಸ ಕಾಯಿಗೆ ಹರಡದಂತೆ ತಡೆಯುತ್ತದೆ. ಅದಕ್ಕೇ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಮುಂಗಾರಿಗೆ ಮೊದಲು ಒಂದು, 40-45 ದಿನ ಬಿಟ್ಟು ಇನ್ನೊಂದು ಅಂತ ಇರುವುದು. ಮಳೆ ಎಳೆದರೆ ಮೂರನೆಯದು. ಕಾಯಿ ದಪ್ಪವಾಗುತ್ತಾ ಹೋದಂತೆ ಹಳೆಯ ಲೇಪ ಬಿರುಕು ಬಿಟ್ಟು ಹೊಸ ಸಿಪ್ಪೆ ಬೆತ್ತಲಾಗುತ್ತದೆ, ಮಳೆ ತೊಳೆಯುವುದು ಬೇರೆ.

ಇದು ಯಾಕಿಷ್ಟು ಬೇಗ ಹರಡುತ್ತದೆ ಅಂದರೆ, ರೋಗಗ್ರಸ್ತ ಕಾಯಿಯ ಮೇಲಿನ ಬೀಜಕಚೀಲಗಳು ಮಳೆಹನಿಯ ಸಿಡಿತಕ್ಕೆ, ಗಾಳಿಗೆ ಪಕ್ಕದ ಗೊನೆ ಸೇರುತ್ತವೆ. ಅಲ್ಲಿ ನೀರಿನ ಪಸೆ ಇದ್ದರೆ ಒಂದೊಂದು ಚೀಲದಿಂದ ಈಜುವ ಬೀಜಕಗಳು ಹೊರಬಿದ್ದು, ಬಾಲ ಬಡಿಯುತ್ತಾ ತೊಟ್ಟಿನ ಸಂದು ಹುಡುಕುತ್ತವೆ. 20ರಿಂದ 23 ಡಿಗ್ರಿ ತಂಪು, 90%ಕ್ಕೆ ಮೀರಿದ ತೇವ, ನಡುನಡುವೆ ಬಿಸಿಲು-ಮಳೆ, ಇದು ಅದಕ್ಕೆ ಹಬ್ಬ.

ಮೆಟಲಾಕ್ಸಿಲ್ 8% + ಮ್ಯಾಂಕೊಜೆಬ್ 64% ಪುಡಿ, ಲೀಟರಿಗೆ 2 ಗ್ರಾಂ. ಸೋಂಕು ಕಂಡ ಮೇಲೆ ಇದು ಬೋರ್ಡೋಗಿಂತ ಉಪಯುಕ್ತ, ಮೆಟಲಾಕ್ಸಿಲ್ ಒಳಗೆ ಇಳಿಯುತ್ತದೆ. ಆದರೆ ಎಚ್ಚರ, ಮೆಟಲಾಕ್ಸಿಲ್ ಏಟು ಹಾಕುವುದು ಒಂದೇ ಜಾಗಕ್ಕೆ, ಪದೇ ಪದೇ ಹೊಡೆದರೆ ರೋಗಾಣು ನಿರೋಧ ಬೆಳೆಸಿಕೊಳ್ಳುತ್ತದೆ. 1980ರ ಸುಮಾರಿಗೆ ಯುರೋಪಿನ ಆಲೂಗಡ್ಡೆಯ ಅಂಗಮಾರಿಯಲ್ಲಿ ಆದದ್ದು ಅದೇ, ಔಷಧಿ ಬಂದ ಕೆಲವೇ ವರ್ಷಗಳಲ್ಲಿ ನಿರೋಧ ಕಾಣಿಸಿಕೊಂಡಿತು. ಹಾಗಾಗಿ ಒಂದು ಸಲ, ಮುಂದಿನ ಸುತ್ತು ಮತ್ತೆ ತಾಮ್ರ. ಬೋರ್ಡೋ ಜೊತೆ ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ, ಕ್ಷಾರಕ್ಕೆ ಮ್ಯಾಂಕೊಜೆಬ್ ಕೆಡುತ್ತದೆ.

ಮಿಶ್ರಬೆಳೆ
ಪೊಟ್ಯಾಷಿಯಂ ಫಾಸ್ಫೊನೇಟ್ ಬಿಟ್ರಿ. ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ 0.3% ಕೊಡ್ತಾರಲ್ಲ, ಅದೂ ಫೈಟೊಫ್ತೊರಾನೇ. ಅಡಿಕೆ ಮರಕ್ಕೇ ಬಳ್ಳಿ ಹಬ್ಬಿಸಿದವರು ಎರಡನ್ನೂ ಒಟ್ಟಿಗೆ ಯೋಚಿಸಬೇಕು. ಒಂದೇ ಎಚ್ಚರಿಕೆ: ಫಾಸ್ಫೊನೇಟನ್ನು ತಾಮ್ರದ ಔಷಧಿ ಜೊತೆ ಬೆರೆಸಿದ್ರೆ, ಅಥವಾ ಬೋರ್ಡೋ ಹಸಿಯಿರುವಾಗಲೇ ಮೇಲೆ ಹೊಡೆದ್ರೆ ತಾಮ್ರ ಕರಗಿ ಎಲೆ ಸುಡುತ್ತೆ.

ಬಳ್ಳಿ ಬುಡಕ್ಕೆ ರೋಗಾಣು ತಡೆಯುವ ಟ್ರೈಕೊಡರ್ಮಾ ಹಾಕಿದ್ದರೆ ಅಲ್ಲಿಗೆ ತಾಮ್ರ ಸುರಿಯಬೇಡಿ. ಟ್ರೈಕೊಡರ್ಮಾ ಕೂಡ ಶಿಲೀಂಧ್ರವೇ, ಅದಕ್ಕೂ ಪೆಟ್ಟು ಬೀಳುತ್ತೆ.

ಘಟ್ಟದಕೆಳಗೆ
ಕಾಫಿಗೂ ಕೊಳೆರೋಗ ಅಂತಾರಲ್ಲ, ಅದೂ ಇದೇ ಜೀವಿಯಾ?

ಲಿಟ್ಮಸ್
ಅಲ್ಲ. ಕಾಫಿಯದ್ದು ನಿಜವಾದ ಶಿಲೀಂಧ್ರ, ರೈಜೊಕ್ಟೋನಿಯಾ ಬಳಗದ್ದು. ಕಪ್ಪಾದ ಎಲೆ ಉದುರದೆ ಬೂಸ್ಟಿನ ಎಳೆಯಲ್ಲಿ ಕೊಂಬೆಗೆ ನೇತಾಡುತ್ತಿರುತ್ತದೆ, ಹಾಗಾಗಿ ಗುರುತಿಸುವುದು ಸುಲಭ. ಬೋರ್ಡೋ ಅದಕ್ಕೂ ಆಗುತ್ತದೆ.

ವಿಷಯ ಅಲ್ಲಿಗೇ ಹೋದದ್ದಕ್ಕೆ ಹೇಳ್ತೀನಿ, ಅಡಿಕೆ ಕೊಳೆಗೆ ಬೋರ್ಡೋ ಅನ್ನೋ ದಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕೆಲಸ ಮುಖ್ಯ. ಕೆನಡಾದವರು, ಕೊಳೆರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ಬೋರ್ಡೋ ದ್ರಾವಣವನ್ನು ಫ್ರಾನ್ಸಿನಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ ಸಸ್ಯವಿಜ್ಞಾನಿ ಮಿಲಾರ್ಡೆ ಪ್ರಕಟಿಸಿದ್ದು 1885ರಲ್ಲಿ. ಆ ದ್ರಾಕ್ಷಿ ರೋಗವೂ ಊಮೈಸೀಟ್‌ದೇ, 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನೆಲಕಚ್ಚಿಸಿದ್ದೂ ಅದೇ ಗುಂಪು.

ಹಾಳೆಟೋಪಿ
ಐರ್ಲೆಂಡಿಗೆ ಹೋಗಿಬಂದ್ವಿ, ಈಗ ತೋಟಕ್ಕೆ ಬರೋಣ. ಕೆಳಗೆ ಬಿದ್ದ ಕಾಯಿ ಏನು ಮಾಡೋದು?

ಕೊನೆಗಾರ
ಒಳ್ಳೆ ಪ್ರಶ್ನೆ. ಆರಿಸಿ ತೋಟದಿಂದ ಹೊರಗೆ ಸಾಗಿಸಿ ಸುಡಬೇಕು, ಮಳೆಗೆ ಸುಡಲಾಗದಿದ್ದರೆ ಆಳಕ್ಕೆ ಹೂಳಬೇಕು. ಗೊಬ್ಬರಗುಂಡಿಗೆ ಹಾಕಬೇಡಿ. ಉದುರದೆ ಗೊನೆಯಲ್ಲೇ ಒಣಗಿ ನೇತಾಡುವ ಕಾಯಿ ಇನ್ನೂ ಅಪಾಯ, ಮುಂದಿನ ವರ್ಷದ ಬಿತ್ತನೆ ಅಲ್ಲೇ ಇರುತ್ತೆ. ಕೊಯ್ಲಿನ ವೇಳೆ ಅಂಥ ಗೊನೆಯನ್ನು ಬುಡಸಮೇತ ಇಳಿಸಿ.

ಸುಳಿಯನ್ನೂ ನೋಡ್ತಾ ಇರಿ. ಗೊನೆಯಿಂದ ರೋಗ ಸುಳಿಗೆ ಹತ್ತಿದರೆ ಮರವೇ ಹೋಗುತ್ತೆ. ಸುಳಿ ಎಲೆ ಹಳದಿಯಾಗಿ, ಎಳೆದರೆ ಕೈಗೆ ಬಂದು ನಾತ ಹೊಡೆದರೆ ಸುಳಿಕೊಳೆ. ಬೇಗ ಕಂಡರೆ ಕೊಳೆತದ್ದನ್ನೆಲ್ಲ ಹಸಿ ಭಾಗ ಸಿಗುವವರೆಗೆ ಕೆತ್ತಿ ತೆಗೆದು 10% ಬೋರ್ಡೋ ಮುಲಾಮು ಹಚ್ಚಿ (ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ಒಟ್ಟು ನೀರು 10 ಲೀಟರ್), ಹೊಸ ಸುಳಿ ಬರುವ ತನಕ ಮಳೆನೀರು ಇಳಿಯದ ಹಾಗೆ ಮುಚ್ಚಬೇಕು. ಸುತ್ತಲಿನ ಮರಗಳ ಸುಳಿಗೆ 1% ದ್ರಾವಣ.

ಮಿಶ್ರಬೆಳೆ
ಉಳಿದ ದ್ರಾವಣ, ಡ್ರಮ್ ತೊಳೆದ ನೀರು ಹಳ್ಳಕ್ಕೆ ಬಿಡಬೇಡಿ, ಮೀನಿಗೆ ತಾಮ್ರ ವಿಷ. ಮಣ್ಣಿಗೆ ಬಿದ್ದ ತಾಮ್ರವೂ ಎಲ್ಲೂ ಹೋಗಲ್ಲ, ವರ್ಷ ವರ್ಷ ಕೂಡುತ್ತಾ ಹೋಗುತ್ತೆ. ಬೇಕಾದ ಸುತ್ತು ಹೊಡೀರಿ, 'ಇರಲಿ' ಅಂತ ನಾಲ್ಕನೇದು ಬೇಡ.

ಗುಡ್ಡೆತೋಟ
ಸರಿ. ಮೊದಲು ಉದುರು ಆರಿಸೋದು, ಬಿಸಿಲು ಕಂಡ ದಿನ ಮೆಟಲಾಕ್ಸಿಲ್ ಪುಡಿ, ಆಮೇಲಿನ ಬಿಡುವಿಗೆ ಬೋರ್ಡೋ. ಹೊಡೆದ ಮೇಲೆ ಎಷ್ಟು ಹೊತ್ತು ಮಳೆ ಬರಬಾರದು?

ಸುಣ್ಣದಕಲ್ಲು
ಬೋರ್ಡೋ ಆದರೆ ಪೂರ್ತಿ ಒಣಗುವವರೆಗೆ. ಕಾಯಿ ಮುಟ್ಟಿದಾಗ ಬೆರಳಿಗೆ ನೀಲಿ ಹತ್ತಬಾರದು. ಒದ್ದೆ ಗೊನೆಗೆ ಹೊಡೆದರೆ ಜಾರಿ ಕೆಳಗೆ ಹೋಗುತ್ತದೆ, ಬೆಳಗಿನ ನೀರು ಆರಲಿ. ಅರ್ಧ ಒಣಗಿದಾಗ ಜೋರು ಮಳೆ ಬಂದರೆ ಗೊನೆ ನೋಡಿ. ನೀಲಿ ಉಳಿದ ಮರ ಬಿಟ್ಟು, ತೊಳೆದುಹೋದ ಸಾಲಿಗೆ ಮಾತ್ರ ಮತ್ತೆ ಹೊಡೆಸಿ.

ದೋಟಿ
ಮತ್ತೆ ಪಂಪ್ ತೊಳೆಯೋದು ಮರೀಬೇಡಿ. ಬೋರ್ಡೋ ಒಣಗಿದ ವಾಲ್ವಿಗೆ ನೀರಿಗಿಂತ ವಿನೆಗರ್ ಬೆರೆಸಿದ ನೀರು ಚೆನ್ನಾಗಿ ಕೆಲಸ ಮಾಡುತ್ತೆ.